ಎಲ್ಲರೂ ಒಟ್ಟಿಗೆ ಫೋನ್ ಮಾಡಿದರೆ...

ಕಳೆದ ವರ್ಷ ಅಪ್ಪನಿಗೆ ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ನಾನು ಬೆಂಗಳೂರಲ್ಲಿ, ಅಕ್ಕ ಪುಣೆಯಲ್ಲಿ, ಅಲ್ಲಿ ಅಮ್ಮ ಒಬ್ಬಳೇ. ಫೋನ್ ಮಾಡಿದೆ, ಬ್ಯುಸಿ. ಮತ್ತೆ ಮಾಡಿದೆ, ಮತ್ತೆ ಬ್ಯುಸಿ. ಅಕ್ಕ, ಮಾವ, ಚಿಕ್ಕಮ್ಮ ಎಲ್ಲರೂ ಅದನ್ನೇ ಮಾಡ್ತಿದ್ದರು ಅಂತ ಆಮೇಲೆ ಗೊತ್ತಾಯ್ತು. ಸ್ವಲ್ಪ ಹೊತ್ತಿಗೆ ಅಮ್ಮನ ಫೋನ್ ಚಾರ್ಜ್ ಮುಗಿದು ಸ್ವಿಚ್ ಆಫ್. ಆಂಜಿಯೋಪ್ಲಾಸ್ಟಿಗೆ ಸಹಿ ಹಾಕೋ ಮುಂಚೆ ನಮ್ಮನ್ನ ಒಂದು ಮಾತು ಕೇಳೋಕೂ ಅವಳಿಗೆ ಆಗಲಿಲ್ಲ. ಒಬ್ಬಳೇ ಸಹಿ ಹಾಕಿದಳು.

ಅಪ್ಪ ಈಗ ಹುಷಾರಾಗಿದ್ದಾರೆ. ನಾಚಿಕೆಯ ವಿಷಯ ಅಂದ್ರೆ, ಇಂಥದ್ದು ಆಗದ ಹಾಗೆ ನೋಡಿಕೊಳ್ಳೋದೇ ಆಫೀಸಲ್ಲಿ ನನ್ನ ಕೆಲಸ.

ಎಲ್ಲದಕ್ಕೂ ಡೇಟಾಬೇಸನ್ನೇ ಕೇಳಿದರೆ ಅದಕ್ಕೆ ಭಾರ. ಅದಕ್ಕೇ ಪದೇ ಪದೇ ಬೇಕಾಗುವ ಉತ್ತರವನ್ನು ಕ್ಯಾಶ್‌ನಲ್ಲಿ ಇಟ್ಟಿರ್ತೀವಿ, ಒಲೆ ಪಕ್ಕದ ಸಾಸಿವೆ ಡಬ್ಬಿ ಥರ. ಕ್ಯಾಶ್ ಖಾಲಿಯಾದರೆ ಎಲ್ಲ ರಿಕ್ವೆಸ್ಟ್‌ಗಳೂ ಒಟ್ಟಿಗೆ ಡೇಟಾಬೇಸ್ ಮೇಲೆ ಬೀಳ್ತವೆ. ಉತ್ತರ ತಡವಾದರೆ ಮತ್ತೆ ಮತ್ತೆ ಕೇಳ್ತವೆ.

2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ನಿಂತುಹೋಗಿದ್ದು ಹೀಗೇ. ಒಂದು ಸೆಟ್ಟಿಂಗ್ ತಪ್ಪಾಗಿತ್ತು. ಕ್ಯಾಶ್‌ನಲ್ಲಿ ತಪ್ಪು ಕಂಡರೆ ತಾನಾಗೇ ಸರಿಪಡಿಸುವ ವ್ಯವಸ್ಥೆ ಅಲ್ಲಿತ್ತು. ಅದನ್ನು ಸರಿಮಾಡಲು ಎಲ್ಲ ಕಡೆಯಿಂದಲೂ ಡೇಟಾಬೇಸ್‌ಗೆ ಪ್ರಶ್ನೆ ಹೋಯಿತು. ಭಾರ ತಡೆಯದೆ ಅದು ಎರರ್ ಕೊಟ್ಟಾಗ, ಆ ಎರರನ್ನೂ ತಪ್ಪು ಸೆಟ್ಟಿಂಗ್ ಅಂತಲೇ ತಿಳಿದು, ಕ್ಯಾಶ್ ಅಳಿಸಿ, ಮತ್ತೆ ಕೇಳಿದವು. ಮೂಲ ತಪ್ಪು ಸರಿಹೋದ ಮೇಲೂ ಇದು ನಿಲ್ಲಲಿಲ್ಲ. ಕೊನೆಗೆ ಸೈಟನ್ನೇ ಬಂದ್ ಮಾಡಿ, ಡೇಟಾಬೇಸ್ ಚೇತರಿಸಿಕೊಂಡ ಮೇಲೆ ಜನರನ್ನು ನಿಧಾನಕ್ಕೆ ಒಳಗೆ ಬಿಟ್ಟರು.

ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಮಾಡಿದ್ದು ಸರಿಯೇ. ಎಲ್ಲ ಸೇರಿದಾಗ ಅದೇ ತೊಂದರೆ. ನಮ್ಮ ಕಾಳಜಿಯೂ ಹಾಗೇ ಆಗಿತ್ತು.

ಇದಕ್ಕೆ ನಾವು ಕೋಡ್‌ನಲ್ಲಿ ಮಾಡೋದು ಇಷ್ಟೇ: ಒಬ್ಬರು ಮಾತ್ರ ಹೋಗಿ ಕೇಳಲಿ, ಉಳಿದವರು ಆ ಉತ್ತರಕ್ಕೆ ಕಾಯಲಿ. ಸಿಗದಿದ್ದರೆ ಪ್ರತಿ ಸಲ ಇನ್ನಷ್ಟು ಹೊತ್ತು ಬಿಟ್ಟು ಕೇಳಲಿ.

ಈಗ ಮನೇಲೂ ಅದೇ ನಿಯಮ. ಏನೇ ಆದರೂ ಅಕ್ಕ ಮಾತ್ರ ಅಮ್ಮನಿಗೆ ಫೋನ್ ಮಾಡ್ತಾಳೆ, ಫ್ಯಾಮಿಲಿ ಗ್ರೂಪಲ್ಲಿ ಸಮಯದ ಸಮೇತ ಹಾಕ್ತಾಳೆ. ಸಮಯ ಯಾಕೆ ಅಂದ್ರೆ, ಬೆಳಗಿನ ಸುದ್ದಿ ಸಂಜೆಗೆ ಹಳಸಿರುತ್ತೆ.

ಮೊನ್ನೆ ಅಪ್ಪನ ಚೆಕಪ್ ದಿನ ಎಲ್ಲ ಸರಿಯಾಗೇ ನಡೀತು. ರಾತ್ರಿ ಅಮ್ಮನೇ ಫೋನ್ ಮಾಡಿ, "ಏನೋ, ನೀನೊಂದು ಫೋನೂ ಮಾಡ್ಲಿಲ್ಲ?" ಅಂದಳು.

ಹಾಗಾಗಿ ನಿಯಮಕ್ಕೆ ಒಂದು ತಿದ್ದುಪಡಿ: ಸುದ್ದಿಗೆ ಗ್ರೂಪ್ ಸಾಕು. ಮಾತಿಗೆ ಮಾತ್ರ, ಅವಳು ಮನೆಗೆ ಬಂದು ಕೂತ ಮೇಲೆ, ನಾನೇ ಫೋನ್ ಮಾಡಬೇಕು.