ಉದ್ಯಾನದ ಬಾಗಿಲಿನ ಸುಂಕ

ಅಮೆರಿಕದ ಪಶ್ಚಿಮ ತೀರದ ವಾಷಿಂಗ್ಟನ್ ಸಂಸ್ಥಾನದಲ್ಲಿ ಸರ್ಕಾರಿ ಉದ್ಯಾನಗಳಿಗೆ ಮೋಟಾರಿನಲ್ಲಿ ಹೋಗುವವರು ‘ಡಿಸ್ಕವರ್ ಪಾಸ್’ ಎಂಬ ರಹದಾರಿಯನ್ನು ಪಡೆಯಬೇಕು. ಅದರ ವಾರ್ಷಿಕ ಶುಲ್ಕವನ್ನು ಅಲ್ಲಿಯ ಶಾಸನಸಭೆಯವರು 30 ಡಾಲರುಗಳಿಂದ 45ಕ್ಕೆ ಏರಿಸಿ, 2025ರ ಅಕ್ಟೋಬರ್ 1ರಿಂದ ಜಾರಿಗೆ ತಂದರು. ಸಿಯಾಟಲ್ ಸುತ್ತಮುತ್ತ ನೆಲಸಿರುವ ಕನ್ನಡಿಗರಿಗೂ ಇದು ತಗಲುವ ವಿಷಯವಾದುದರಿಂದ ಎರಡು ಮಾತು ಹೇಳಬಯಸುತ್ತೇವೆ.

ಈ ಸುಂಕದ ಚರಿತ್ರೆಯೇ ಬೋಧಪ್ರದವಾಗಿದೆ. 2003ರಲ್ಲಿ ವಾಹನವೊಂದಕ್ಕೆ 5 ಡಾಲರುಗಳಂತೆ ನಿಲುಗಡೆಯ ಶುಲ್ಕವನ್ನು ವಿಧಿಸಿ, 2006ರಲ್ಲಿ ಕೈಬಿಟ್ಟರು. 2008ರ ಆರ್ಥಿಕ ಮುಗ್ಗಟ್ಟಿನಲ್ಲಿ ಖಜಾನೆಯವರು ಉದ್ಯಾನಗಳಿಗೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಬಿದ್ದಿತು. 2011ರ ಜುಲೈಯಲ್ಲಿ ರಹದಾರಿ ಹುಟ್ಟಿತು. ಬರುವ ಹಣದಲ್ಲಿ ನೂರಕ್ಕೆ 84 ಪಾಲು ಉದ್ಯಾನಗಳಿಗೂ, ಉಳಿದುದು ಭೂಸಂಪತ್ತಿನ ಮತ್ತು ಮೀನು-ವನ್ಯಜೀವಿಗಳ ಇಲಾಖೆಗಳಿಗೆ ಎಂಟೆಂಟರಂತೆಯೂ ಎಂದು ಆ ಶಾಸನವು ಗೊತ್ತುಮಾಡಿತು. ಕಷ್ಟಕಾಲದ ಉಪಾಯವು ಈಗ ಸ್ಥಿರವಾದ ಪದ್ಧತಿಯಾಗಿದೆ.

ಅಧಿಕಾರಿಗಳ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು. ಹದಿನಾಲ್ಕು ವರ್ಷ ಶುಲ್ಕ ಏರಲಿಲ್ಲ. ಕೂಲಿಯೂ ಸಾಮಾನಿನ ಬೆಲೆಯೂ ಏರಿದವು. ಕಾಲ್ನಡಿಗೆಯವರಿಗೆ ಶುಲ್ಕವಿಲ್ಲ, ವರ್ಷದಲ್ಲಿ ಕೆಲವು ದಿನ ಸರ್ವರಿಗೂ ಉಚಿತ ಪ್ರವೇಶವುಂಟು, ಪುಸ್ತಕಭಂಡಾರಗಳು ರಹದಾರಿಯನ್ನು ಎರವಲು ಕೊಡುವುದೂ ಉಂಟು. ಇವು ಶ್ಲಾಘ್ಯವಾದ ಏರ್ಪಾಡುಗಳು.

ಆದರೆ ಊರಿನಿಂದ ಹತ್ತಾರು ಮೈಲಿ ದೂರದ ಡಿಸೆಪ್ಷನ್ ಪಾಸ್ ಉದ್ಯಾನಕ್ಕೆ ಮಕ್ಕಳನ್ನು ನಡೆಸಿಕೊಂಡು ಹೋಗುವ ಬಡವನಾರು? ರಹದಾರಿಯಿಲ್ಲದೆ ವಾಹನ ನಿಲ್ಲಿಸಿದರೆ 99 ಡಾಲರುಗಳ ದಂಡ. ಸಿರಿವಂತನಿಗೆ 45 ಡಾಲರು ಒಂದು ಹೊತ್ತಿನ ಊಟದ ಬೆಲೆ; ದಿನಗೂಲಿಯವನಿಗೆ ಮನೆಯಲ್ಲಿಯೇ ಕುಳಿತಿರಲು ಸಾಕಾದ ಕಾರಣ. ಪ್ರಜೆಗಳ ಸ್ವತ್ತಿನ ಬಾಗಿಲಲ್ಲಿ ಪ್ರಜೆಗಳನ್ನೇ ತಡೆಯುವುದು ಯುಕ್ತವಲ್ಲ.

ಹಾಗಾದರೆ ಹಣವೆಲ್ಲಿಂದ? ಮಿಷಿಗನ್ ಸಂಸ್ಥಾನದವರು 24 ಡಾಲರುಗಳ ವಾರ್ಷಿಕ ರಹದಾರಿಯನ್ನು ಬಿಟ್ಟು, 2010ರಿಂದ ವಾಹನದ ನೋಂದಣಿಯೊಡನೆಯೇ ಇಷ್ಟವುಳ್ಳವರಿಂದ 10 ಡಾಲರುಗಳನ್ನು ಪಡೆಯತೊಡಗಿದರು. ಮೊಂಟಾನದಲ್ಲಿ ನೋಂದಣಿಯೊಡನೆ ಸೇರುವ ಹಣವನ್ನು ಬೇಡವೆಂದವರು ಬಿಡಿಸಿಕೊಳ್ಳಬಹುದು. ವಾಷಿಂಗ್ಟನ್ನಿನಲ್ಲಿಯೂ ನೋಂದಣಿಯೊಡನೆ 5 ಡಾಲರುಗಳ ಐಚ್ಛಿಕ ದಾನ ಆಗಲೇ ಇದೆ. ಅದನ್ನು ಕೊಂಚ ಹೆಚ್ಚಿಸಿ, ಕೊಟ್ಟವರಿಗೆ ಪ್ರವೇಶದ ಹಕ್ಕನ್ನು ನೀಡುವುದು ಲೇಸು. ಹನಿಗೂಡಿದರೆ ಹಳ್ಳ, ಹಲವರು ಸ್ವಲ್ಪ ಸ್ವಲ್ಪ ಹೊತ್ತರೆ ಕೆಲವರ ಹೆಗಲು ಮುರಿಯದು.

ಉದ್ಯಾನವು ಅಂಗಡಿಯಲ್ಲ, ಪ್ರಜೆಯು ಗಿರಾಕಿಯೂ ಅಲ್ಲ. ಕಬ್ಬನ್ ಪಾರ್ಕಿಗೆ ಶುಲ್ಕವಿಲ್ಲದೆ, ಲಾಲ್‌ಬಾಗಿಗೆ ಶುಲ್ಕ ತೆತ್ತು ಹೋಗುವ ನಮ್ಮವರೂ ಈ ಮಾತನ್ನು ಆಲೋಚಿಸುವುದು ಒಳಿತು.