ಗೇರ್ ಎಣ್ಣೆಯೂ ಕಾಯಕವೇ

12ನೆಯ ಶತಮಾನದ ಮಡಿವಾಳ ಮಾಚಿದೇವರ, ನುಲಿಯ ಚಂದಯ್ಯನವರ ಹೆಸರುಗಳಲ್ಲಿಯೇ ಅವರ ಕಾಯಕವೂ ಉಳಿದಿದೆ. ಅವರನ್ನು ವೇದಿಕೆಯಲ್ಲಿ ಕೊಂಡಾಡುವ ನಾವು ಮನೆಯಂಗಳದ ಜೀಪಿನಡಿ ಬಗ್ಗಿ ನೋಡಲು ಹಿಂಜರಿಯುತ್ತೇವೆ. ಕೈಗೆ ಎಣ್ಣೆ ಹತ್ತಿದರೆ ವಿದ್ಯೆಗೆ ಕುಂದೆಂಬ ಭಾವನೆ ಎಲ್ಲಿಂದ ಬಂದಿತೋ!

ಕಳಸದ ಸುತ್ತಣ ಕಾಫಿತೋಟಗಳ ಕಡಿದಾದ ಇಳುಕಲಿನಲ್ಲಿ ಬ್ರೇಕೊಂದನ್ನೇ ನಂಬಲಾಗದು. ಕೆಳಗೇರಿನ ಹಿಡಿತವೇ ಆಸರೆ. ಆ ಹಲ್ಲುಚಕ್ರಗಳನ್ನು ಕಾಯುವ ಎಣ್ಣೆಗೆ ಎಂಜಿನ್ನಿನದಕ್ಕಿರುವಂತೆ ಅಳತೆಕಡ್ಡಿ ಸಾಮಾನ್ಯವಾಗಿ ಇರದು, ಆದುದರಿಂದಲೇ ಮರೆವು. ವಾಹನವನ್ನು ಸಮನೆಲದಲ್ಲಿ (ನಮ್ಮಲ್ಲಿ ಅದೇ ದುರ್ಲಭ!) ನಿಲ್ಲಿಸಿ, ಚಕ್ರಗಳಿಗೆ ಅಡೆಗಲ್ಲಿಟ್ಟು, ತಣಿದ ಬಳಿಕ ಗೇರ್‌ಬಾಕ್ಸಿನ ಪಕ್ಕದ ಬಿರಡೆಯನ್ನು ಬಿಚ್ಚಬೇಕು, ತಳದ್ದನ್ನಲ್ಲ. ರಂಧ್ರದ ಕೆಳಯಂಚಿಗೆ ಎಣ್ಣೆ ತಾಗಿದ್ದರೆ ಸಾಕು. ಹಾಲು ಬೆರೆತಂತಿದ್ದರೆ ನೀರು ಸೇರಿದೆಯೆಂದರ್ಥ. ಮಳೆಗಾಲದಲ್ಲಿ ಹಳ್ಳ ದಾಟುವವರು ಇದನ್ನು ಅಗತ್ಯವಾಗಿ ನೋಡತಕ್ಕದ್ದು. ಲೋಹದ ಚೂರು ಕಂಡರೆ ಮೆಕ್ಯಾನಿಕ್ಕನನ್ನು ಕರೆಯಬೇಕು. ತಾನೇ ಗೇರು ಬದಲಿಸುವ ಕಾರುಗಳ ಕ್ರಮ ಬೇರೆ; ಅಲ್ಲಿ ಕೈಪಿಡಿಯೇ ಪ್ರಮಾಣ.

ವ್ಯಾಕರಣದ ಪಂಡಿತನಿಗೆ ಈ ಉಸಾಬರಿಯೇಕೆನ್ನಬಹುದು. ಇದೇ ಜೀಪುಗಳಲ್ಲಿಯೇ ಅಲ್ಲವೆ ಮಕ್ಕಳು ಶಾಲೆಗೆ ಬರುವುದು? ಮೇಲ್ತರಗತಿಗಳಲ್ಲಿ ತಿಂಗಳಿಗೊಂದು ಪಾಠ ಇದಕ್ಕೂ ಮೀಸಲಾಗಲಿ. ಬಲ್ಲ ಹಳೆಯ ವಿದ್ಯಾರ್ಥಿಗಳು ಕಲಿಸಲಿ. ದಾನಿಗಳು ಹಳೆಯ ಗೇರ್‌ಬಾಕ್ಸೊಂದನ್ನು ಕೊಡಲಿ. ಪರೀಕ್ಷೆ ಮಾತ್ರ ಬೇಡ.