ಸ್ಥಳೀಯ ಯಾರು ಎಂಬ ಜಗಳದ ಮರೆಯಲ್ಲಿ

ಬೆಳಗಾವಿ ಬಳಿಯ ಹಿಂಡಲಗಾದಲ್ಲಿ ನಿಂತು ‘ಇಲ್ಲಿ ಸ್ಥಳೀಯರು ಯಾರು’ ಎಂದು ಕೇಳಿ ನೋಡಿ, ಉತ್ತರಕ್ಕಿಂತ ಮೊದಲು ವಾದ ಶುರುವಾಗುತ್ತದೆ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಉದ್ಯಮಬಾಗದ ಫೌಂಡ್ರಿಯಲ್ಲಿ ಹಿಂದಿ ಆಡುವವರ ಊರುಗಳಿವು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈಚೆಗೆ ಇಲ್ಲಿ ಬೋರ್ಡು, ಬಾವುಟಗಳ ಮೇಲೆ ಎಷ್ಟೋ ಚುನಾವಣೆ ನಡೆದಿವೆ. ಪಗಾರದ ಮೇಲೆ ನಡೆದ ನೆನಪು ನನಗಿಲ್ಲ.

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯರ ಮೀಸಲಾತಿ ಮಸೂದೆಗೆ ಒಪ್ಪಿತು. ಖಾಸಗಿ ಉದ್ಯಮದ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಸ್ಥಳೀಯನೆನಿಸಲು ಇಲ್ಲಿ ಹುಟ್ಟಿ 15 ವರ್ಷ ನೆಲೆಸಿರಬೇಕು, ಕನ್ನಡ ಓದು ಬರಹ ಬರಬೇಕು. ಉದ್ಯಮಿಗಳು ಗದ್ದಲ ಎಬ್ಬಿಸಿದರು, ಎರಡೇ ದಿನದಲ್ಲಿ ಮಸೂದೆ ತಡೆಹಿಡಿಯಲಾಯಿತು. ಹರಿಯಾಣದ ಇಂಥದೇ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲೇ ರದ್ದು ಮಾಡಿತ್ತು.

ಅತ್ತ ಜನಸಂಖ್ಯೆ ತನ್ನ ಲೆಕ್ಕ ತಾನು ನಡೆಸುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವಂತಿಕೆ ದರ 1.7, ಬಿಹಾರದ್ದು 3.0. ಕಾದ ಲೋಹದ ಮುಂದೆ ನಿಲ್ಲಲು ಇಲ್ಲಿನ ಹುಡುಗರು ಒಲ್ಲೆನ್ನುತ್ತಾರೆ, ಉತ್ತರದಿಂದ ರೈಲು ಹತ್ತಿ ಬಂದವರು ನಿಲ್ಲುತ್ತಾರೆ. ಪಕ್ಕದ ಖಾನಾಪುರದ ಹುಡುಗರು ಘಾಟ್ ಇಳಿದು ಗೋವಾಕ್ಕೆ ಹೋಗುತ್ತಾರೆ. ಅಲ್ಲಿ ಅವರೇ ಹೊರಗಿನವರು! ನಮ್ಮಂಥದೇ ಮಸೂದೆಯನ್ನು ಗೋವಾ ತಂದರೆ ಖಾನಾಪುರದ ಗತಿಯೇನು ಎಂದು ಬೆಂಗಳೂರಿನಲ್ಲಿ ಯಾರಾದರೂ ಯೋಚಿಸಿದ್ದರೇ?

ಹೀಗೆ ಬಂದುಹೋಗುವವನಿಗೂ ಮಾಲೀಕನಿಗೂ ನೇರ ಪರಿಚಯವಿಲ್ಲ. ನಡುವೆ ಕಾಂಟ್ರ್ಯಾಕ್ಟರ್ ಇರುತ್ತಾನೆ; ಹಾಜರಿ, ಪಗಾರ ಎಲ್ಲ ಅವನ ಕೈಯಲ್ಲಿ. ನಾಳೆ ಊರಿಗೆ ಹೊರಡುವವನು ಸಂಘ ಕಟ್ಟುವುದಿಲ್ಲ, ಓಟು ಇಲ್ಲದವನ ಬಳಿ ಶಾಸಕರು ಹೋಗುವುದಿಲ್ಲ. ಇಲ್ಲಿ ಓಟಿರುವವನನ್ನು ಭಾಷೆಯ ಹೆಸರಲ್ಲಿ ಎರಡು ಪಾಲು ಮಾಡಿ ಇಟ್ಟಾಗಿದೆ.

ಮೀಸಲಾತಿ ಮಸೂದೆಯ ಪಕ್ಕದಲ್ಲಿ ಒಂದು ತಿದ್ದುಪಡಿಯ ಕಥೆ ಇಟ್ಟು ನೋಡಿ. 2023ರ ಫೆಬ್ರವರಿಯಲ್ಲಿ ವಿಧಾನಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿತು. ವಾರದ 48 ಗಂಟೆಯ ಮಿತಿ ಉಳಿಯಿತು, ಆದರೆ ದಿನದ ದುಡಿಮೆ 12 ಗಂಟೆಯವರೆಗೆ ಹೋಗಬಹುದು ಎಂದಾಯಿತು. ಮೂರು ತಿಂಗಳ ಓವರ್‌ಟೈಮ್ ಮಿತಿ 75ರಿಂದ 145 ಗಂಟೆಗೆ ಏರಿತು. ಕಾರ್ಮಿಕ ಸಂಘಟನೆಗಳು ವಿರೋಧಿಸಿದರೂ ಅದು ಕಾನೂನಾಯಿತು. ಮಾಲೀಕರು ಬೇಡವೆಂದದ್ದು ನಿಂತಿತು, ಕಾರ್ಮಿಕರು ಬೇಡವೆಂದದ್ದು ನಿಲ್ಲಲಿಲ್ಲ. ತಿದ್ದುಪಡಿ ತಂದದ್ದು ಬಿಜೆಪಿ ಸರ್ಕಾರ, ಮೀಸಲಾತಿ ಮಸೂದೆ ತಡೆದದ್ದು ಕಾಂಗ್ರೆಸ್ ಸರ್ಕಾರ, ಆದ್ದರಿಂದ ಪಕ್ಷ ನೋಡಿ ಬೈಯುವವರಿಗೆ ನಿರಾಸೆಯಾದೀತು.

ಚಳಿಗಾಲದ ಅಧಿವೇಶನಕ್ಕೆಂದು ಇಲ್ಲಿನ ಸುವರ್ಣಸೌಧಕ್ಕೆ ಬರುವ ಶಾಸಕರಲ್ಲಿ ಒಂದು ಮಾತು: ಗಡಿ ನಿರ್ಣಯದ ಭಾಷಣ ಮುಗಿದ ಮೇಲೆ ಅರ್ಧ ದಿನ ಉದ್ಯಮಬಾಗಕ್ಕೆ ಹೋಗಿ, ನೇಮಕಾತಿ ಪತ್ರ ಕೈಯಲ್ಲಿರುವವರು ಎಷ್ಟು ಜನ ಎಂದು ಕೇಳಿ. ಯಾವ ಭಾಷೆಯಲ್ಲಿ ಕೇಳಿದರೂ ನಡೆಯುತ್ತದೆ.